ಕುಂಬಳದ ಹೂ ಅರಳುವ ಹೊತ್ತು

ಕುಂಬಳದ ಹೆಣ್ಣು ಹೂ ಒಂದೇ ಒಂದು ಬೆಳಿಗ್ಗೆ ಬದುಕುತ್ತದೆ. ಬೆಳಕು ಹರಿಯುವ ಹೊತ್ತಿಗೆ ಅರಳುತ್ತದೆ, ಬಿಸಿಲೇರಿ ಹತ್ತು ಹನ್ನೊಂದು ಗಂಟೆಯಾಗುವುದರೊಳಗೆ ಮುದುಡಿಕೊಂಡುಬಿಡುತ್ತದೆ. ಮತ್ತೆ ಅರಳುವುದಿಲ್ಲ. ಅಷ್ಟರೊಳಗೆ ಯಾವುದಾದರೂ ಜೇನ್ನೊಣ ಗಂಡು ಹೂವಿನಿಂದ ಪರಾಗ ತಂದು ಮುಟ್ಟಿಸಿದರೆ ಕಾಯಿ. ಇಲ್ಲದಿದ್ದರೆ ಹೂವಿನ ಬುಡದಲ್ಲಿರುವ ಗೋಲಿ ಗಾತ್ರದ ಹೀಚು ನಾಲ್ಕೈದು ದಿನದಲ್ಲಿ ಹಳದಿಯಾಗಿ, ಮೆತ್ತಗಾಗಿ ಉದುರುತ್ತದೆ.

ನಾನು ಕಾದಂಬರಿ ಬರೆಯುವುದೂ ಅದೇ ಹೊತ್ತಿನಲ್ಲಿ. ಬೆಳಿಗ್ಗೆ ಐದೂವರೆಯಿಂದ ಒಂಬತ್ತರವರೆಗೆ. ಇಪ್ಪತ್ತು ವರ್ಷದಿಂದ ಹೀಗೇ. ರಾತ್ರಿ ಬರೆಯುವವರಿದ್ದಾರೆ, ನನಗೆ ಆಗುವುದಿಲ್ಲ. ನಿದ್ದೆಯಿಂದ ಎದ್ದು, ಯಾರ ಜೊತೆಗೂ ಮಾತಾಡದೆ, ಫೋನ್ ಮುಟ್ಟದೆ ಸೀದಾ ಹೋಗಿ ಕೂತರೆ ಮಾತ್ರ ಹಿಂದಿನ ದಿನ ಬಿಟ್ಟ ಜಾಗದಲ್ಲಿ ಪಾತ್ರಗಳು ಇನ್ನೂ ನಿಂತಿರುತ್ತವೆ. ನಡುವೆ ಬೇರೆ ಒಂದು ಮಾತು ಕಿವಿಗೆ ಬಿದ್ದರೂ ಸಾಕು, ಚದುರಿಹೋಗುತ್ತವೆ. ಆಮೇಲೆ ಅವನ್ನು ಮತ್ತೆ ಒಟ್ಟು ಸೇರಿಸುವುದರಲ್ಲೇ ಬೆಳಿಗ್ಗೆ ಮುಗಿಯುತ್ತದೆ.

ಮೊದಲ ಸಲ ಕುಂಬಳ ಹಾಕಿದ ವರ್ಷ, ಈ ಎರಡೂ ಹೊತ್ತು ಒಂದೇ ಅಂತ ನನಗೆ ಹೊಳೆದಿರಲಿಲ್ಲ. ಬಳ್ಳಿ ಹಿತ್ತಲಿನ ಅರ್ಧ ಜಾಗ ಹಬ್ಬಿತು. ಮೊದಲ ಎರಡು ವಾರ ಬರೀ ಗಂಡು ಹೂ ಬಿಟ್ಟಿತು. (ಅದು ಹಾಗೇ. ಕುಂಬಳದಲ್ಲಿ ಗಂಡು ಹೂವೇ ಮೊದಲು ಬರುವುದು. ಹೊಸಬರು ಗಾಬರಿಯಾಗಬೇಡಿ.) ಆಮೇಲೆ ಹೆಣ್ಣು ಹೂಗಳು ಬಂದವು, ಮತ್ತು ಒಂದಾದ ಮೇಲೊಂದು ಏಳು ಹೀಚು ಉದುರಿದವು. ಮಳೆ ಹಿಡಿದುಕೊಂಡಿತ್ತು, ಜೇನ್ನೊಣಗಳ ಸುಳಿವೇ ಇರಲಿಲ್ಲ. ಕೈಯಿಂದ ಪರಾಗ ಮುಟ್ಟಿಸಬೇಕಿತ್ತು. ಬೇಕಿದ್ದದ್ದು ಹತ್ತೇ ನಿಮಿಷ, ಆದರೆ ಆ ಹತ್ತು ನಿಮಿಷ ನನ್ನ ಬರವಣಿಗೆಯ ನಟ್ಟನಡುವೆ ಬರುತ್ತಿತ್ತು. ಎಂಟನೇ ಹೂವಿಗೆ ನಾನು ಎದ್ದು ಹೋದೆ. ಕಾಯಿ ಕಚ್ಚಿತು. ಅವತ್ತು ಬರೆಯುತ್ತಿದ್ದ ಅಧ್ಯಾಯ ಕಚ್ಚಲಿಲ್ಲ.

ಆ ಅಧ್ಯಾಯದಲ್ಲಿ ಅಣ್ಣ ತಂಗಿ ಹನ್ನೆರಡು ವರ್ಷದ ಮೇಲೆ ಎದುರಾಗುತ್ತಾರೆ. ಅಣ್ಣ ಬಾಗಿಲು ತೆಗೆಯುತ್ತಾನೆ, ತಂಗಿ ಏನೋ ಹೇಳಬೇಕು. ಅವಳು ಏನು ಹೇಳುತ್ತಾಳೆ ಅಂತ ನನಗೆ ಗೊತ್ತಿತ್ತು, ಪೆನ್ನಿನ ತುದಿಗೆ ಬಂದಿತ್ತು. ಹಿತ್ತಲಿಗೆ ಹೋಗಿ ಗಂಡು ಹೂ ಕಿತ್ತು, ಎಸಳು ಬಿಡಿಸಿ ತೆಗೆದು, ಉಳಿದ ಕೇಸರವನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ, ಕೈ ತೊಳೆದುಕೊಂಡು ಬಂದು ಕೂತೆ. ತಂಗಿ ಬಾಯಿ ಬಿಡಲಿಲ್ಲ. ಅವಳಿಂದ ಮಾತು ಬರಲು ಮೂರು ವಾರ ಹಿಡಿಯಿತು, ಬಂದದ್ದೂ ಆ ಮಾತಲ್ಲ. ಪುಸ್ತಕ ಅಚ್ಚಾಗಿ ಎಷ್ಟೋ ವರ್ಷವಾಯಿತು. ಈಗಲೂ ಆ ಪುಟ ತೆಗೆದರೆ ನಾನು ಎದ್ದು ಹೋದ ಜಾಗ ಕಾಣುತ್ತದೆ. ಓದುವವರಿಗೆ ಕಾಣಲಿಕ್ಕಿಲ್ಲ. ನನಗೆ ಕಾಣುತ್ತದೆ.

ತೋಟದ ಕೆಲಸ ಬರವಣಿಗೆಗೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಮನಸ್ಸು ಹಗುರಾಗುತ್ತದೆ, ತಾಳ್ಮೆ ಬರುತ್ತದೆ, ಮಣ್ಣು ಮುಟ್ಟಿದರೆ ಯೋಚನೆ ಹರಿಯುತ್ತದೆ ಅಂತೆಲ್ಲ. ನಾನೂ ಎಷ್ಟೋ ಸಲ ಹೀಗೆ ಹೇಳಿದ್ದೇನೆ. ಪೂರ್ತಿ ಸುಳ್ಳೇನೂ ಅಲ್ಲ. ಆದರೆ ಎರಡನ್ನೂ ಮನಸ್ಸಿಟ್ಟು ಮಾಡುವವರಿಗೆ ಇನ್ನೊಂದು ಸಂಗತಿ ಗೊತ್ತಿರುತ್ತದೆ. ಎರಡೂ ಒಂದೇ ಬಾವಿಯ ನೀರು ಸೇದುತ್ತವೆ. ಬರೀ ಸಮಯದ ಮಾತಲ್ಲ ಇದು. ಒಂದನ್ನೇ ಕಣ್ಣು ಕೀಳದೆ ನೋಡುತ್ತಾ ಕೂರುವ ಶಕ್ತಿ ಒಂದಿದೆಯಲ್ಲ, ಅದು ದಿನಕ್ಕೆ ಇಷ್ಟೇ ಅಂತ ಇರುತ್ತದೆ. ಮೆಣಸಿನ ಗಿಡದ ಒಂದೊಂದೇ ಎಲೆ ಮಗುಚಿ, ಅಡಿಯಲ್ಲಿ ಹೇನು ಕೂತಿದೆಯಾ ಅಂತ ಒಂದು ಗಂಟೆ ಹುಡುಕಿ ಬಂದ ಕಣ್ಣಿಗೆ, ಆಮೇಲೆ ವಾಕ್ಯವನ್ನು ಮಗುಚಿ ನೋಡುವ ಕಸುವು ಉಳಿದಿರುವುದಿಲ್ಲ.

ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ತೋಟ ಅವತ್ತಿನ ಕೂಲಿ ಅವತ್ತೇ ಕೊಡುತ್ತದೆ. ಒಂದು ಮಡಿಯ ಕಳೆ ಕಿತ್ತರೆ ಕಣ್ಣೆದುರಿಗೇ ಕಾಣುತ್ತದೆ, ಆ ಕಡೆ ಹಸಿರು ಗೋಜಲು, ಈ ಕಡೆ ಚೊಕ್ಕ ಕಪ್ಪು ಮಣ್ಣು. ಕಾದಂಬರಿ ಹಾಗಲ್ಲ. ಎರಡು ವರ್ಷ ಬರೆದ ಮೇಲೂ ಇದು ಕಾದಂಬರಿಯಾ ಅಥವಾ ಸುಮ್ನೆ ಕಾಗದದ ರಾಶಿಯಾ ಅಂತ ಗೊತ್ತಾಗಿರುವುದಿಲ್ಲ. ಹಾಗಾಗಿ ಬರವಣಿಗೆ ತೊಡಕಾದ ದಿನ ಕಾಲು ತಾನಾಗಿ ಹಿತ್ತಲಿಗೆ ಹೋಗುತ್ತದೆ. ಟಿವಿ ಮುಂದೆ ಕೂತರೆ ಮನಸ್ಸು ಚುಚ್ಚುತ್ತದೆ, ಕಳೆ ಕಿತ್ತರೆ ಚುಚ್ಚುವುದಿಲ್ಲ. ಬೆವರು ಬರುತ್ತದೆ, ಸೊಂಟ ನೋಯುತ್ತದೆ, ಮಲಗುವಾಗ ಇವತ್ತು ದುಡಿದೆ ಅನ್ನಿಸುತ್ತದೆ. ಆ ಸಮಾಧಾನವೇ ಮಾರನೇ ದಿನದ ಬರವಣಿಗೆಯನ್ನು ತಿನ್ನುವುದು.

ಇಂಗ್ಲಿಷ್ ಕಾದಂಬರಿಕಾರ್ತಿ ವರ್ಜೀನಿಯಾ ವುಲ್ಫ್ 1920ರ ಮೇ ತಿಂಗಳ ದಿನಚರಿಯಲ್ಲಿ ದಿನವಿಡೀ ಕಳೆ ಕಿತ್ತದ್ದನ್ನು ಬರೆದುಕೊಂಡಿದ್ದಾರೆ. ಉಗುರಿನಲ್ಲಿ ಮಣ್ಣು ತುಂಬಿತ್ತು, ಇದೇ ಸುಖ ಅನ್ನಿಸಿತು ಅಂತ. ಓದಿದಾಗ ನನಗೆ ಹತ್ತಿರದವರ ಮಾತು ಕೇಳಿದ ಹಾಗಾಯಿತು. ಆದರೆ ಅವರ ಮನೆಯಲ್ಲಿ ಇಬ್ಬರಿದ್ದರು. 1919ರಲ್ಲಿ ಇಂಗ್ಲೆಂಡಿನ ರಾಡ್ಮೆಲ್ ಎಂಬ ಹಳ್ಳಿಯಲ್ಲಿ ಗಂಡ ಹೆಂಡತಿ ಸೇರಿ ಆ ಮನೆ ಕೊಂಡರು. ತೋಟದ ನಿಜವಾದ ಭಾರ ಹೊತ್ತವರು ಗಂಡ ಲೆನಾರ್ಡ್. ವರ್ಜೀನಿಯಾ ಅದೇ ತೋಟದೊಳಗಿನ ಒಂದು ಮರದ ಕೋಣೆಯಲ್ಲಿ ಕೂತು ಬರೆಯುತ್ತಿದ್ದರು. ಕಳೆ ಕೀಳುವ ಸುಖ ಅವರಿಗೆ ಸಿಕ್ಕಿತು, ಸಸಿ ಸತ್ತರೆ ಕೇಳಬೇಕಾದವರು ಬೇರೆ ಇದ್ದರು. ನಮ್ಮ ತೇಜಸ್ವಿಯವರು ಕಾಫಿ ತೋಟದಲ್ಲೇ ಇದ್ದು ಬರೆದರು, ಹಾಗಾಗಿ ತೋಟ ಮತ್ತು ಬರವಣಿಗೆ ಅಂದ ಕೂಡಲೇ ನಮಗೆಲ್ಲ ಅವರ ನೆನಪಾಗುತ್ತದೆ. ಆದರೆ ಅದು ಜೀವನೋಪಾಯದ ಬೇಸಾಯ, ಅದರ ತೂಕವೇ ಬೇರೆ. ನಾನು ಹೇಳುತ್ತಿರುವುದು ಮನೆ ಹಿಂದಿನ ಜಾಗದ ಮಾತು. ಅಲ್ಲಿ ಬಿತ್ತುವವಳೂ ನಾನೇ, ಒಳಗೆ ಕೂತು ಬರೆಯುವವಳೂ ನಾನೇ.

ಈ ವಿಷಯದಲ್ಲಿ ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ ನನಗೆ ಇನ್ನೂ ಹತ್ತಿರ. 1936ರಲ್ಲಿ ಅವರು ವಾಲಿಂಗ್ಟನ್ ಎಂಬ ಹಳ್ಳಿಯ ಪುಟ್ಟ ಬಾಡಿಗೆ ಮನೆಗೆ ಹೋದರು, ಅಲ್ಲಿ ಗುಲಾಬಿ ನೆಟ್ಟರು, ಹಣ್ಣಿನ ಗಿಡ ನೆಟ್ಟರು. ಹತ್ತು ವರ್ಷದ ಮೇಲೆ ಮತ್ತೆ ಹೋಗಿ ನೋಡಿದ್ದನ್ನು 1946ರಲ್ಲಿ ಒಂದು ಪ್ರಬಂಧದಲ್ಲಿ ಬರೆದರು. ಅದಕ್ಕೂ ಮೊದಲು, 1944ರ ಒಂದು ಪತ್ರಿಕಾ ಅಂಕಣದಲ್ಲಿ ಇನ್ನೊಂದು ಸಂಗತಿ ಹೇಳಿದ್ದರು: ಒಂದು ಜಾತಿ ಅಂತ ಕೊಂಡು ತಂದ ಗುಲಾಬಿ ಬೇರೆಯದೇ ಆಗಿ ಬೆಳೆದು, ನಡುವೆ ಹಳದಿ ಇರುವ ಚಂದದ ಬಿಳಿ ಹೂ ಬಿಟ್ಟಿತ್ತಂತೆ. ಕಾದಂಬರಿಯಲ್ಲಿ ಹೀಗಾದರೆ ನಾನು ಪಾತ್ರದ ಹೆಸರನ್ನೇ ಬದಲಿಸುತ್ತೇನೆ. ಅವರು ಮನೆವಾರ್ತೆಗೆ ಅಂತ ಬೇರೆಯೇ ಒಂದು ದಿನಚರಿ ಇಟ್ಟಿದ್ದರು. ಅದರಲ್ಲಿರುವುದು ಹವೆ ಹೇಗಿತ್ತು, ಏನು ಬಿತ್ತಿದೆ, ಕೋಳಿ ಎಷ್ಟು ಮೊಟ್ಟೆ ಇಟ್ಟಿತು, ಇಷ್ಟೇ. ಬರವಣಿಗೆಯ ಮಾತು ಬಹಳ ಕಡಿಮೆ.

ಅದನ್ನು ಓದಿದ ಮೇಲೆ ನಾನೂ ಲೆಕ್ಕ ಬರೆಯಲು ಶುರುಮಾಡಿದೆ. ಎರಡು ಪುಸ್ತಕ ಇಡಲಿಲ್ಲ, ಒಂದೇ ಉದ್ದ ನೋಟ್‌ಬುಕ್. ಎಡಗಡೆ ಪುಟ ತೋಟಕ್ಕೆ, ಬಲಗಡೆ ಪುಟ ಕಾದಂಬರಿಗೆ. ಎರಡಕ್ಕೂ ಒಂದೇ ತಾರೀಕು. ಎಡಗಡೆ ‘ಟೊಮೆಟೊ ಬೀಜ ಹಾಕಿದೆ, ಬೆಂಡೆ ಎರಡನೇ ಸಲ, ಎಲೆಯಲ್ಲಿ ತೂತು’ ಅಂತ. ಬಲಗಡೆ ‘ಏಳನೇ ಅಧ್ಯಾಯ, ಎರಡು ಪುಟ, ಅಜ್ಜನ ಮಾತು ಸರಿ ಬಂತು’ ಅಂತ. ಪುಟಗಳಿಗೆ ಮಣ್ಣಿನ ಬೆರಳಚ್ಚು ಬಿದ್ದಿದೆ. ಒಂದು ಕಡೆ ಒಂದು ಬೆಂಡೆ ಬೀಜ ನಡುವೆ ಸಿಕ್ಕಿಕೊಂಡು, ಆಚೀಚೆ ಹತ್ತು ಹಾಳೆಗಳಲ್ಲಿ ಅದರ ಉಬ್ಬು ಕೈಗೆ ಸಿಗುತ್ತದೆ.

ಆಗ ನಾನು ದಿನವನ್ನು ಹಂಚುತ್ತಿದ್ದೆ. ಬೆಳಿಗ್ಗೆ ಬರವಣಿಗೆ, ಸಂಜೆ ತೋಟ. ಕೇಳಲು ಎಷ್ಟು ಸರಿಯಾಗಿದೆ ಅಲ್ವಾ? ನಡೆಯಲಿಲ್ಲ. ನಾಲ್ಕು ವರ್ಷದ ನೋಟ್‌ಬುಕ್ಕುಗಳನ್ನು ಒಂದು ಸಂಜೆ ನೆಲದ ಮೇಲೆ ಹರಡಿಕೊಂಡು ಕೂತಾಗ ಅದು ಎದ್ದು ಕಂಡಿತು. ಎಡಗಡೆ ತುಂಬಿದ ವಾರಗಳಲ್ಲಿ ಬಲಗಡೆ ಖಾಲಿ. ಬಲಗಡೆ ತುಂಬಿದ ವಾರಗಳಲ್ಲಿ ಎಡಗಡೆ ಒಂದೇ ಸಾಲು, ‘ನೀರು ಹಾಕಿದೆ’ ಅಂತ. ಎರಡೂ ಸಮನಾಗಿ ತುಂಬಿದ ವಾರ ನಾಲ್ಕು ವರ್ಷದಲ್ಲಿ ಹನ್ನೊಂದು. ಮತ್ತು ತುಂಬುವುದು, ಖಾಲಿಯಾಗುವುದು ಪ್ರತಿ ವರ್ಷ ಹೆಚ್ಚುಕಡಿಮೆ ಅದೇ ತಿಂಗಳುಗಳಲ್ಲಿ. ನಾನು ಮನಸ್ಸು ಗಟ್ಟಿ ಮಾಡಿಕೊಂಡರೆ ಎರಡನ್ನೂ ದಿನಾ ಮಾಡಬಹುದು ಅಂದುಕೊಂಡಿದ್ದೆ. ನನಗೆ ಗೊತ್ತಿಲ್ಲದೆಯೇ ನನ್ನ ಕೈಗಳು ವರ್ಷವನ್ನು ಹಂಚಿಕೊಂಡಿದ್ದವು. ಅವತ್ತಿನಿಂದ ನಾನೂ ಹಾಗೇ ಮಾಡುತ್ತೇನೆ.

ಮಳೆಗಾಲದ ಮೊದಲ ಎರಡು ತಿಂಗಳು ಹೊಸದೇನನ್ನೂ ಬರೆಯುವುದಿಲ್ಲ. ಆ ತಿಂಗಳು ಸಸಿಗಳದ್ದು. ಟೊಮೆಟೊ ಬೀಜ ವಾರದೊಳಗೆ ಮೊಳೆಯುತ್ತದೆ, ಕಿತ್ತು ನೆಡುವಷ್ಟಾಗಲು ಸುಮಾರು ಇಪ್ಪತ್ತೈದು ಮೂವತ್ತು ದಿನ ಬೇಕು. ಆ ದಿನಗಳಲ್ಲಿ ಒಂದು ಹೊತ್ತು ಕಣ್ಣು ತಪ್ಪಿದರೂ ಕೆಲಸ ಕೆಡುತ್ತದೆ. ಕಣ್ಣು ಜಾಸ್ತಿಯಾದರೂ ಕೆಡುತ್ತದೆ. ಇದು ನಾನು ಕಲಿತದ್ದು ಒಂದು ಕೆಟ್ಟ ವರ್ಷ. ಕಾದಂಬರಿ ಒಪ್ಪಿಸುವ ದಿನ ಹತ್ತಿರ ಬಂದಿತ್ತು, ಕೊನೆಯ ಭಾಗ ಕೂರುತ್ತಿರಲಿಲ್ಲ. ಅದೇ ವಾರ ಎರಡು ಟ್ರೇ ತುಂಬ ಸಸಿ ಮೊಳೆತಿದ್ದವು. ಒಂದು ಬೆಳಿಗ್ಗೆ ನೋಡಿದರೆ ಟ್ರೇಯ ಮೂಲೆಯಲ್ಲಿ ಐದಾರು ಸಸಿ ಮಲಗಿವೆ. ಎಲೆ ಇನ್ನೂ ಹಸಿರಾಗೇ ಇದೆ, ಬಾಡಿಲ್ಲ. ಆದರೆ ಕಾಂಡ ಮಣ್ಣಿಗೆ ತಾಗುವ ಜಾಗದಲ್ಲಿ ನೀರು ಕುಡಿದ ದಾರದ ಹಾಗೆ ತೆಳ್ಳಗಾಗಿದೆ. ಮಾರನೇ ದಿನ ಅರ್ಧ ಟ್ರೇ. ಮೂರನೇ ದಿನ ಏನೂ ಉಳಿಯಲಿಲ್ಲ. ಬುಡ ಕೊಳೆಯುವ ರೋಗ. ಸದಾ ಒದ್ದೆಯಾಗಿರುವ ಮಣ್ಣಿನಲ್ಲಿ, ಒತ್ತೊತ್ತಾಗಿ ಗಾಳಿಯಾಡದೆ ಬೆಳೆದ ಸಸಿಗಳಿಗೆ ಶಿಲೀಂಧ್ರದಿಂದ ಬರುತ್ತದೆ. ಬಂದ ಮೇಲೆ ಆ ಸಸಿ ಉಳಿಯುವುದಿಲ್ಲ.

ಅಮ್ಮ ಬಂದು ಟ್ರೇಯ ಮಣ್ಣಿಗೆ ಬೆರಳು ಚುಚ್ಚಿ ನೋಡಿದಳು.

“ನೀರು ಜಾಸ್ತಿ ಆಗಿದೆ ಕಣೇ.”

“ದಿನಾ ಸ್ವಲ್ಪ ಸ್ವಲ್ಪವೇ ಹಾಕಿದ್ದಮ್ಮ.”

“ಎಷ್ಟು ಸಲ?”

ನಾನು ಲೆಕ್ಕ ಹಾಕಿದೆ. ನಾಲ್ಕೋ ಐದೋ.

“ನೋಡ್ತಾನೇ ಇದ್ದೀನಲ್ಲ ನಾನು. ಬರೀಲಿಕ್ಕೆ ಕೂರ್ತೀಯ, ಎದ್ದು ಬಂದು ನೀರು ಹಾಕ್ತೀಯ, ಹೋಗಿ ಕೂರ್ತೀಯ, ಮತ್ತೆ ಬರ್ತೀಯ. ಅದಕ್ಕೆ ಬಾಯಾರಿಕೆ ಆಗಿತ್ತು ಅಂತಲ್ಲ. ನಿನಗೆ ಅಲ್ಲಿಂದ ಏಳಬೇಕಾಗಿತ್ತು.”

ಅಮ್ಮ ನನ್ನ ಕಾದಂಬರಿಗಳ ಬಗ್ಗೆ ಅಭಿಪ್ರಾಯ ಹೇಳುವವಳಲ್ಲ. ಆದರೆ ನನ್ನ ಬರವಣಿಗೆಯ ಬಗ್ಗೆ ಇದಕ್ಕಿಂತ ಸರಿಯಾದ ಮಾತನ್ನು ನನಗೆ ಯಾರೂ ಹೇಳಿಲ್ಲ. ಎರಡು ಟ್ರೇ ಸಸಿ ಸತ್ತದ್ದು ನನ್ನ ಕೊನೆಯ ಅಧ್ಯಾಯದ ಭಯಕ್ಕೆ. ಈಗ ಬರೆಯುತ್ತಾ ಕೂತಾಗ ಏಳಬೇಕು ಅನ್ನಿಸಿದರೆ ಮೊದಲು ಕೇಳಿಕೊಳ್ಳುತ್ತೇನೆ, ಬಾಯಾರಿಕೆ ಯಾರಿಗೆ ಅಂತ. ಬಹಳ ಸಲ ಉತ್ತರ ಗೊತ್ತಾದ ಕೂಡಲೇ ವಾಕ್ಯಕ್ಕೆ ವಾಪಸ್ ಬರುತ್ತೇನೆ.

ಹಾಗಾಗಿ ಮಳೆಗಾಲದಲ್ಲಿ ಓದುತ್ತೇನೆ, ಟಿಪ್ಪಣಿ ಮಾಡುತ್ತೇನೆ. ಮುಂದಿನ ಕಾದಂಬರಿಗೆ ಬೇಕಾದ ಕಾಗದಪತ್ರ, ಹಳೆಯ ಫೋಟೋ, ಯಾರದ್ದೋ ಮಾತು, ಎಲ್ಲ ಒಟ್ಟು ಮಾಡಿಕೊಳ್ಳುತ್ತೇನೆ. ಇವು ಅರ್ಧಕ್ಕೆ ಬಿಟ್ಟು ಎದ್ದರೂ ಕೆಡದ ಕೆಲಸಗಳು. ಹೊರಗೆ ಕಳೆ ಒಂದೇ ಸಮ ಏಳುತ್ತಿರುತ್ತದೆ, ಬಸವನಹುಳು ರಾತ್ರಿ ಬಂದು ಎಲೆ ತಿಂದು ಹೋಗಿರುತ್ತದೆ, ನಾನು ಹೋಗಿ ಬಂದು ಮಾಡುತ್ತಿರುತ್ತೇನೆ. ಮನಸ್ಸಿಗೆ ಕಿರಿಕಿರಿ ಇಲ್ಲ, ಏಕೆಂದರೆ ಬಲಗಡೆ ಪುಟ ಖಾಲಿ ಇರಬೇಕಾದ ತಿಂಗಳು ಅದು.

ಚಳಿಗಾಲ ನನ್ನ ಕಾದಂಬರಿಯ ಕಾಲ. ತೋಟ ಅಷ್ಟು ಹೊತ್ತಿಗೆ ತನ್ನ ಕಾಲ ಮೇಲೆ ನಿಂತಿರುತ್ತದೆ. ಗಿಡಗಳಿಗೆ ಬೇರು ಹಿಡಿದಿರುತ್ತದೆ, ಕಳೆಯ ಜೋರು ಇಳಿದಿರುತ್ತದೆ, ನೀರು ಬೇಗ ಆರುವುದಿಲ್ಲ. ಅದಕ್ಕಿಂತ ಚಂದದ್ದು ಇನ್ನೊಂದಿದೆ. ಬೆಳಿಗ್ಗೆ ಎಲೆಗಳ ಮೇಲೆ ಇಬ್ಬನಿ ಕೂತಿರುತ್ತದೆ, ಆಗ ಹುರುಳಿಕಾಯಿ ಗಿಡವನ್ನು ಮುಟ್ಟಬಾರದು. ಒದ್ದೆ ಎಲೆಗೆ ಕೈ ತಾಗಿಸುತ್ತಾ ಸಾಲಿನುದ್ದಕ್ಕೂ ಹೋದರೆ ಒಂದು ಗಿಡದ ರೋಗವನ್ನು ನಾವೇ ಕೈಯಾರೆ ಮುಂದಿನ ಗಿಡಕ್ಕೆ ಅಂಟಿಸುತ್ತೇವೆ. ಇಬ್ಬನಿ ಆರುವವರೆಗೆ ಕಾಯಬೇಕು. ಅಂದರೆ ಒಂಬತ್ತೂವರೆ, ಹತ್ತು. ನನ್ನ ಬರವಣಿಗೆ ಮುಗಿಯುವುದು ಒಂಬತ್ತಕ್ಕೆ! ಈಗ ಬರಬೇಡ, ನೀನು ಬರೆದು ಮುಗಿಸಿ ಬಾ ಅಂತ ತೋಟವೇ ಹೇಳಿದ ಹಾಗೆ. ಈ ಮೂರು ತಿಂಗಳು ನಾನು ಮೊದಲ ಕರಡು ಬರೆಯುತ್ತೇನೆ. ಕೈಬರಹದಲ್ಲಿ, ದಿನಕ್ಕೆ ಎರಡು ಪುಟ, ಕೆಲವು ದಿನ ಮೂರು. ಕಿಟಕಿಯಿಂದ ಕಾಣುವ ಹುರುಳಿಕಾಯಿ ಸಾಲಿನ ಮೇಲೆ ಬಿಸಿಲು ಇಳಿದು, ಹನಿಗಳು ಒಂದೊಂದೇ ಆರುವುದು ನನ್ನ ಗಡಿಯಾರ.

ಕೊಯ್ಲು ಮುಗಿದ ಮೇಲೆ ಹುರುಳಿಕಾಯಿ ಗಿಡವನ್ನು ಬುಡಸಮೇತ ಕೀಳುವುದಿಲ್ಲ, ನೆಲದ ಮಟ್ಟಕ್ಕೆ ಕತ್ತರಿಸಿ ಬೇರನ್ನು ಮಣ್ಣಿನಲ್ಲೇ ಬಿಡುತ್ತೇನೆ. ಒಂದು ಸಲ ನೋಡೋಣ ಅಂತ ಇನ್ನೂ ಹೂ ಬಿಡುತ್ತಿದ್ದ ಒಂದು ಗಿಡ ಕಿತ್ತೆ. ಬೇರಿನ ತುಂಬ ರಾಗಿಕಾಳು, ಸಾಸಿವೆ ಕಾಳಿನ ಗಾತ್ರದ ಗಂಟುಗಳು. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು, ಎಳೆ ಮಗುವಿನ ಒಸಡಿನ ಬಣ್ಣ. ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುವ ಬ್ಯಾಕ್ಟೀರಿಯಾ ಆ ಗಂಟುಗಳೊಳಗೆ ಇರುತ್ತವೆ, ಕೆಂಪಗಿದ್ದರೆ ಅವು ಕೆಲಸ ಮಾಡುತ್ತಿವೆ ಅಂತ ಅರ್ಥ. ನಾನು ಆ ಬೇರನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದೆ. ಅವತ್ತು ಎಡಗಡೆ ಪುಟದಲ್ಲಿ ಬರೆದದ್ದು ಒಂದೇ ಪದ, ‘ಕೆಂಪು’.

ಬೇಸಿಗೆ ತಿದ್ದುಪಡಿಗೆ. ಹೊರಗೆ ಕೆಲಸ ಅಂದರೆ ನೀರು, ನೀರು, ನೀರು. ಹೊಸದೇನೂ ಬಿತ್ತುವುದಿಲ್ಲ. ಕೊತ್ತಂಬರಿ ಹಾಕಿದರೆ ಸೆಖೆಗೆ ಎಲೆ ಬಿಡುವ ಮೊದಲೇ ಹೂವಿಗೆ ಓಡುತ್ತದೆ. ಗಿಡಗಳ ಬುಡಕ್ಕೆ ಒಣಗಿದ ಎಲೆ ದಪ್ಪಗೆ ಹೊದಿಸುತ್ತೇನೆ. ಮೇಲೆ ಮೇಲೆ ದಿನಾ ಚಿಮುಕಿಸುವುದಕ್ಕಿಂತ ಎರಡು ಮೂರು ದಿನಕ್ಕೊಮ್ಮೆ ಆಳಕ್ಕೆ ಇಳಿಯುವ ಹಾಗೆ ನಿಧಾನವಾಗಿ ನೀರು ಬಿಡುವುದು ಒಳ್ಳೆಯದು, ಆಗ ಬೇರು ನೀರನ್ನು ಹುಡುಕಿಕೊಂಡು ಕೆಳಗೆ ಹೋಗುತ್ತದೆ. (ಕುಂಡಗಳಿಗೆ ಈ ಮಾತು ಅನ್ವಯಿಸುವುದಿಲ್ಲ, ಅವು ಬೇಸಿಗೆಯಲ್ಲಿ ದಿನಾ ಕೇಳುತ್ತವೆ.) ನನ್ನ ದೊಡ್ಡ ಆಸರೆ ಅಂದರೆ ಮಣ್ಣಿನ ಮಡಕೆ. ಬಣ್ಣ ಬಳಿಯದ, ಹೊಳಪು ಹಚ್ಚದ ಮಡಕೆಯನ್ನು ಕುತ್ತಿಗೆವರೆಗೆ ಮಡಿಯ ನಡುವೆ ಹೂತು, ನೀರು ತುಂಬಿಸಿ ಬಾಯಿ ಮುಚ್ಚಿಡುತ್ತೇನೆ. ಸುತ್ತಲಿನ ಮಣ್ಣು ಒಣಗಿದ ಹಾಗೆಲ್ಲ ಮಡಕೆಯ ಮೈಯಿಂದ ನೀರು ಜಿನುಗುತ್ತದೆ, ಮಣ್ಣು ತೇವವಾಗಿದ್ದರೆ ಜಿನುಗುವುದು ತಾನಾಗಿ ನಿಧಾನವಾಗುತ್ತದೆ. ನನ್ನ ಮಡಿಗಳಲ್ಲಿ ಒಂದು ಸಲ ತುಂಬಿಸಿದರೆ ಮೂರು ನಾಲ್ಕು ದಿನ ಬರುತ್ತದೆ. ಆ ಮೂರು ನಾಲ್ಕು ದಿನ ಬಾಗಿಲು ಹಾಕಿಕೊಂಡು ಇಡೀ ಕರಡನ್ನು ಒಂದೇ ಉಸಿರಿಗೆ ಓದಬಹುದು. ತಿದ್ದುವವರಿಗೆ ಹಾಗೆ ಓದುವುದು ಎಷ್ಟು ಮುಖ್ಯ ಅಂತ ಗೊತ್ತು. ಬಿಡಿಬಿಡಿಯಾಗಿ ಓದಿದರೆ ಪ್ರತಿ ಪುಟವೂ ಚೆನ್ನಾಗೇ ಇರುತ್ತದೆ.

ತಿದ್ದುವುದು ಅಂದ ಕೂಡಲೇ ಗಿಡ ಸವರುವುದಕ್ಕೆ ಹೋಲಿಸುತ್ತಾರೆ. ನಾನು ಆ ಹೋಲಿಕೆಯನ್ನು ನಂಬಿ ಒಂದು ಕಾದಂಬರಿಯನ್ನು ಕೆಡಿಸಿಕೊಂಡಿದ್ದೇನೆ. 430 ಪುಟ ಇದ್ದದ್ದನ್ನು 310ಕ್ಕೆ ಇಳಿಸಿದೆ, ಸಣ್ಣದಾದರೆ ಗಟ್ಟಿಯಾಗುತ್ತದೆ ಅಂತ. ಗಟ್ಟಿಯಾಗಲಿಲ್ಲ, ಒಣಗಿತು. ಗುಲಾಬಿ ಸವರುವಾಗ ಕೈ ಏನು ಮಾಡುತ್ತದೆ ಅಂತ ಸರಿಯಾಗಿ ನೋಡಿದ್ದರೆ ಆ ತಪ್ಪು ಆಗುತ್ತಿರಲಿಲ್ಲ. ಕತ್ತರಿ ಹಿಡಿಯುವ ಮೊದಲು ನಾವು ಕೊಂಬೆಯ ಮೇಲೆ ಹುಡುಕುವುದು ಕಣ್ಣನ್ನು, ಅಂದರೆ ಮೊಳೆಯಲು ಕಾದಿರುವ ಮೊಗ್ಗನ್ನು. ಅದು ಹೊರಮುಖವಾಗಿರಬೇಕು. ಅದರಿಂದ ಅರ್ಧ ಸೆಂಟಿಮೀಟರ್ ಮೇಲೆ ಓರೆಯಾಗಿ ಕತ್ತರಿಸಬೇಕು. ತುದಿ ಇರುವವರೆಗೂ ಅಲ್ಲಿಂದ ಇಳಿದು ಬರುವ ಆಕ್ಸಿನ್ ಅನ್ನುವ ಹಾರ್ಮೋನು ಕೆಳಗಿನ ಕಣ್ಣುಗಳನ್ನು ಮಲಗಿಸಿರುತ್ತದೆ. ತುದಿ ಹೋದ ಕೂಡಲೇ ಅವು ಏಳುತ್ತವೆ. ಸವರುವುದು ಗಿಡವನ್ನು ಸಣ್ಣದು ಮಾಡಲಿಕ್ಕಲ್ಲ, ಮಲಗಿದ್ದನ್ನು ಎಬ್ಬಿಸಲಿಕ್ಕೆ. ನಾನು ಕತ್ತರಿಸಿದ 120 ಪುಟಗಳಲ್ಲಿ ಕಣ್ಣುಗಳನ್ನೂ ಸೇರಿಸಿ ಕತ್ತರಿಸಿದ್ದೆ. ಒಬ್ಬ ಅತ್ತೆಯ ಪಾತ್ರ ಇತ್ತು, ಎರಡೇ ಸಲ ಬರುತ್ತಿದ್ದಳು, ತೆಗೆದೆ. ಆಮೇಲೆ ಗೊತ್ತಾಯಿತು, ಕಥೆ ಮೊಳೆಯಬೇಕಾಗಿದ್ದದ್ದು ಅವಳಿಂದ.

ಅದೂ ಅಲ್ಲದೆ, ಗುಲಾಬಿಯನ್ನು ಸವರುವುದು ಮಳೆ ಮುಗಿಯುವ ಹೊತ್ತಿಗೆ. ನಾನು ತಿದ್ದುವುದು ಬೇಸಿಗೆಯಲ್ಲಿ. ಎರಡೂ ಒಂದೇ ಸಾಲಿನಲ್ಲಿ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ.

ಮತ್ತೆ ಕುಂಬಳಕ್ಕೆ ಬರುತ್ತೇನೆ. ವರ್ಷವನ್ನು ಹಂಚಿಕೊಂಡರೂ ಕೆಲವು ಕಾದಂಬರಿ ಹೇಳಿದ ತಿಂಗಳಿಗೆ ಮುಗಿಯುವುದಿಲ್ಲ, ಮಳೆಗಾಲದೊಳಕ್ಕೂ ಕಾಲು ಚಾಚುತ್ತದೆ. ಅಂಥ ವರ್ಷಗಳಿಗೆ ನಾನು ಒಂದು ದಾರಿ ಕಂಡುಕೊಂಡೆ. ಹೂ ಅರಳುವ ಹೊತ್ತು ನೋಡಿ ಬಳ್ಳಿ ಆರಿಸುವುದು. ಹೀರೆಯ ಹೂ ಸಂಜೆ ಅರಳುತ್ತದೆ, ಸೋರೆಯದ್ದೂ ಹಾಗೇ. ಸೋರೆಯ ಬಿಳಿ ಹೂ ಕತ್ತಲಾಗುವ ಹೊತ್ತಿಗೆ ಅರಳಿ, ಪತಂಗಗಳು ಬಂದು ಹೋಗುತ್ತವೆ. ಪತಂಗ ಬಾರದಿದ್ದರೆ ನಾನು ಹೋಗುತ್ತೇನೆ, ಕೈಯಲ್ಲಿ ಒಂದು ಮೆತ್ತನೆಯ ಬಣ್ಣದ ಕುಂಚ. ಬೆಳಿಗ್ಗೆ ಬರೆದಾಗಿರುತ್ತದೆ, ಅವತ್ತಿನ ಪುಟಗಳ ಭಾರ ಇಳಿದಿರುತ್ತದೆ. ಹೀರೆಯ ಹಳದಿ ಹೂ ಸಂಜೆಯ ಮಬ್ಬಿನಲ್ಲಿ ದೀಪದ ಹಾಗೆ ಕಾಣುತ್ತದೆ. ನನ್ನ ಕಳೆದ ಎರಡು ಕಾದಂಬರಿಗಳು ಹೀರೆ ಸೋರೆಯ ವರ್ಷಗಳಲ್ಲಿ ಹುಟ್ಟಿದವು. ಕುಂಬಳವನ್ನು ಬಿಟ್ಟೇಬಿಟ್ಟೆ.

ಬಿಟ್ಟದ್ದರ ನೋವು ಇದೆ, ಇಲ್ಲ ಅನ್ನುವುದಿಲ್ಲ. ತೋಟ ಮತ್ತು ಬರವಣಿಗೆ ಎರಡನ್ನೂ ಪೂರ್ತಿಯಾಗಿ ಮಾಡುತ್ತೇನೆ ಅಂತ ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ನನ್ನ ಒಂದೊಂದು ಪುಸ್ತಕದ ಹಿಂದೆಯೂ ನಾನು ನೆಡದೆ ಬಿಟ್ಟ ಏನೋ ಒಂದು ಇದೆ. ಒಂದು ಕಾದಂಬರಿಯ ವರ್ಷ ಮಲ್ಲಿಗೆಯನ್ನು ಸವರಲಿಲ್ಲ, ಆ ಬೇಸಿಗೆ ಹೂವೇ ಇಲ್ಲ ಅನ್ನುವಷ್ಟು ಕಡಿಮೆ ಬಿಟ್ಟಿತು. ಇನ್ನೊಂದು ವರ್ಷ ತೋಟ ತುಂಬಿ ತುಳುಕಿತು, ಬಂದು ನೋಡಿದವರೆಲ್ಲ ಹೊಗಳಿದರು. ಆ ವರ್ಷದ ಬಲಗಡೆ ಪುಟಗಳನ್ನು ತೆಗೆದು ನೋಡಿದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಯಾವುದನ್ನು ಬಿಡುತ್ತಿದ್ದೇನೆ ಅಂತ ಮೊದಲೇ ತಿಳಿದು ಬಿಟ್ಟರೆ ಸ್ವಲ್ಪ ತಡೆದುಕೊಳ್ಳಬಹುದು. ಗೊತ್ತಿಲ್ಲದೆ ಕಳೆದುಕೊಂಡದ್ದೇ ಹೆಚ್ಚು ನೋಯುವುದು.

ಈ ವರ್ಷ ನಾನು ಕುಂಬಳ ಹಾಕಲಿಲ್ಲ. ಅದೇ ಬಂತು.

ನಾನು ಬರೆದು ಬೇಡವಾದ ಕೈಬರಹದ ಕರಡುಗಳನ್ನು ಹರಿದು ಗೊಬ್ಬರದ ಡಬ್ಬಕ್ಕೆ ಹಾಕುತ್ತೇನೆ. ತರಕಾರಿ ಸಿಪ್ಪೆ, ಹಸಿ ಹುಲ್ಲು ಬರೀ ಅವೇ ಆದರೆ ಕೊಳೆತು ನಾರುತ್ತದೆ, ಅದರ ಎರಡು ಮೂರು ಪಾಲು ಒಣ ಎಲೆ, ಕಾಗದ ಸೇರಬೇಕು. ಹೋದ ವರ್ಷದ ಡಬ್ಬದಲ್ಲಿ ಒಂದು ಇಡೀ ಅಧ್ಯಾಯವಿತ್ತು, ಮೂರು ಸಲ ಬರೆದು ಬಿಟ್ಟದ್ದು. ಮಳೆ ಬಿದ್ದ ಮೇಲೆ ಆ ಗೊಬ್ಬರವನ್ನು ಮೂಲೆಯ ಮಡಿಗೆ ಸುರಿದೆ. ಹತ್ತು ದಿನದಲ್ಲಿ ಅದರಿಂದ ದಪ್ಪ ಎರಡೆಲೆಯ ಮೊಳಕೆ ಎದ್ದಿತು. ಸಿಪ್ಪೆಯ ಜೊತೆ ಬೀಜ ಸೇರಿಹೋಗಿರಬೇಕು. ಕಿತ್ತು ಹಾಕಬೇಕು ಅಂತ ಎರಡು ಸಲ ಬಗ್ಗಿದೆ, ಕೀಳಲಿಲ್ಲ. ಈಗ ಅದು ಗೋಡೆ ದಾಟಿ ಹೋಗಿದೆ.

ಕಾದಂಬರಿ ಕೊನೆಯ ಅಧ್ಯಾಯದಲ್ಲಿದೆ. ಇನ್ನೂ ಹದಿನೈದು ಇಪ್ಪತ್ತು ಪುಟ ಇರಬಹುದು. ಇವತ್ತು ಸಂಜೆ ಬಳ್ಳಿಯ ಹತ್ತಿರ ಕೂತು ನೋಡಿದೆ. ಐದಾರು ಗಂಡು ಮೊಗ್ಗುಗಳಿವೆ, ಉದ್ದ ತೊಟ್ಟಿನವು. ಎಲೆಯಡಿ, ನೆಲಕ್ಕೆ ಹತ್ತಿರ, ಒಂದು ಹೆಣ್ಣು ಮೊಗ್ಗು. ಬುಡದಲ್ಲಿ ನಯವಾದ ರೋಮದ ಹೀಚು, ಮೇಲೆ ತುದಿಯಲ್ಲಿ ಹಸಿರು ಕಳೆದು ಕಿತ್ತಳೆ ಬಣ್ಣ ಇಣುಕುತ್ತಿದೆ. ನಾಳೆ ಬೆಳಿಗ್ಗೆ ಅರಳುತ್ತದೆ. ಮೋಡ ಕಟ್ಟಿಕೊಂಡಿದೆ, ಜೇನ್ನೊಣ ಬರುವುದು ಸಂಶಯ. ಕೊನೆಯ ಪುಟದಲ್ಲಿ ಏನಾಗುತ್ತದೆ ಅಂತ ನನಗೆ ಗೊತ್ತಿದೆ, ಆದರೆ ಅದಕ್ಕೆ ಮೊದಲಿನ ಒಂದು ಮಾತು ಇನ್ನೂ ಸಿಕ್ಕಿಲ್ಲ. ಅಲಾರಂ ನಾಲ್ಕೂವರೆಗೆ ಇಟ್ಟಿದ್ದೇನೆ. ಕುಂಚವನ್ನು ತೊಳೆದು, ಒಣಗಿಸಿ, ನೋಟ್‌ಬುಕ್ಕಿನ ಪಕ್ಕದಲ್ಲಿ ಇಟ್ಟಿದ್ದೇನೆ.